15ಕ್ಕೆ ಮೋಡಕಾ, 50ಕ್ಕೆ ವಿಂಟೇಜು... ನಡುವಿನವುಗಳ ಗತಿ?

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಬರೆದರೆ ಬರೀ ಸಿಟ್ಟೇ ಬರುತ್ತೆ ಅಂತ ಸುಮ್ಮನಿದ್ದೆ. ಈಗ ಸಿಟ್ಟು ಸ್ವಲ್ಪ ಇಳಿದಿದೆ, ಪೂರ್ತಿ ಇಳಿದಿಲ್ಲ. ಅಷ್ಟರಲ್ಲಿ ಬರೆದುಬಿಡೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :)

ನನ್ನ ಕೆಲಸ ಏನು ಅಂತ ಇಲ್ಲಿ ಬರುವ ಕೆಲವರಿಗೆ ಗೊತ್ತು. ಗೊತ್ತಿಲ್ಲದವರಿಗೆ: ಯಂತ್ರಗಳು, ಹಳೇ ವಾಹನಗಳು ಇರುವ ಒಂದು ಸಂಗ್ರಹಾಲಯದಲ್ಲಿ ಕ್ಯುರೇಟರ್. ಯಾವ ಸಂಗ್ರಹಾಲಯ ಅಂತ ಕೇಳಬೇಡಿ, ಅನ್ನ ಕೊಡೋ ಮನೆ. ಊರಲ್ಲಿ "ಏನ್ ಕೆಲಸ ಮಾಡ್ತಿ" ಅಂತ ಯಾರಾದರೂ ಕೇಳಿದರೆ ನಮ್ಮವ್ವ "ಹಳೇ ಗಾಡಿ ಒರಸ್ತಾನ" ಅಂತಾಳೆ. ಅದು ಪೂರ್ತಿ ಸುಳ್ಳೇನೂ ಅಲ್ಲ.

ಹೋದ ಕಾರಹುಣ್ಣಿಮಿಗೆ ಮುದ್ದೇಬಿಹಾಳಕ್ಕೆ ಹೋಗಿದ್ದೆ. ಬಸ್ಸಿಳಿದು ಮನೆಗೆ ಹೋದವನು ಚಾ ಕುಡಿಯೋ ಮೊದಲೇ ಕಾಕಾನ ಮನೆ ಹಿಂದಿನ ತಗಡಿನ ಶೆಡ್ಡಿನ ಕಡೆ ನಡೆದೆ. ಅಲ್ಲಿ ಮ್ಯಾಟಾಡೋರ್ ಇರಬೇಕಿತ್ತು. ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ತೊಗರಿ ಚೀಲ ಪೇರಿಸಿದ್ದರು, ನೆಲದ ಮೇಲೆ ಆಯಿಲ್ ಸೋರಿ ಕರ್ರಗಾಗಿದ್ದ ಗುರುತು ಮಾತ್ರ ಇತ್ತು.

"ಕಾಕಾ, ಗಾಡಿ ಎಲ್ಲಿ?"

"ಮೋಡಕಾಕ್ಕ ಕೊಟ್ನೆಪಾ. ಎರಡ ತಿಂಗಳಾತು. ನಿನಗ ಎಷ್ಟ ಸಲ ಹೇಳ್ಬೇಕು, ಒಯ್ತಿದ್ರ ಒಯ್ಯಿ ಅಂತ? ಮೂರ ವರ್ಷ ಒಯ್ತೀನಿ ಒಯ್ತೀನಿ ಅಂದಿ."

(ಬೆಂಗಳೂರು ಕಡೆಯವರಿಗೆ: ಮೋಡಕಾ ಅಂದರೆ ನಿಮ್ಮ ಗುಜರಿ.)

ಕಾಕಾನ ಮಾತಿನಲ್ಲಿ ತಪ್ಪಿಲ್ಲ. ಮೂರು ವರ್ಷದಿಂದ ನಾನು ಆ ಗಾಡಿಗಾಗಿ ನಮ್ಮಲ್ಲಿ ಟಿಪ್ಪಣಿ ಬರೀತಾ ಇದ್ದೆ. ಸಮಿತಿಯ ಮುಂದೆ ಎರಡು ಸಲ ಇಟ್ಟೆ. ಮೊದಲ ಸಲ "ಇದು ವಿಂಟೇಜ್ ಅಲ್ಲವಲ್ಲ" ಅಂದರು. ಎರಡನೇ ಸಲ "ಜಾಗ ಇಲ್ಲ" ಅಂದರು. ಅದೇ ತಿಂಗಳು ಒಂದು ವಿದೇಶಿ ಕಾರಿಗೆ ಜಾಗ ಆಯಿತು, ಅದೂ ಹವಾನಿಯಂತ್ರಿತ ಹಾಲಿನಲ್ಲಿ. ಆ ಕಾರು ಕರ್ನಾಟಕದ ರಸ್ತೆ ಮೇಲೆ ಎಷ್ಟು ದಿನ ಓಡಿತ್ತು ಅಂತ ಕೇಳಿದೆ. ಯಾರೂ ಉತ್ತರ ಹೇಳಲಿಲ್ಲ, ನನ್ನ ಮುಖ ನೋಡಿದರು.

ಆ ಮ್ಯಾಟಾಡೋರ್ ಏನು ಅಂತ ಸ್ವಲ್ಪ ಹೇಳ್ತೀನಿ. 1980ರ ದಶಕದಲ್ಲಿ ನಮ್ಮ ಕಡೆ ಬೆಳೆದವರಿಗೆ ಹೇಳೋದೇ ಬೇಡ. ಪುಣೆ ಹತ್ತಿರದ ಆಕುರ್ಡಿಯಲ್ಲಿ ಬಜಾಜ್ ಟೆಂಪೋ ಕಂಪನಿ 1969ರಿಂದ ಮಾಡಿದ ವ್ಯಾನು ಅದು. ಮೂಲ ವಿನ್ಯಾಸ ಜರ್ಮನಿಯ ಟೆಂಪೋ ಕಂಪನಿಯದು, ನಮ್ಮ ಬಾಯಲ್ಲಿ "ಟೆಂಪೋ" ಅನ್ನೋ ಮಾತು ನಿಂತಿದ್ದೇ ಆ ಹೆಸರಿನಿಂದ. ಆ ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಅಂತ ಹೆಸರು ಬದಲಿಸಿಕೊಂಡಿತು. ಆದರೂ ಇವತ್ತಿಗೂ ಯಾವ ಕಂಪನಿಯ ಸರಕು ಗಾಡಿ ಕಂಡರೂ ನಾವು ಟೆಂಪೋ ಅಂತಲೇ ಅನ್ನೋದು.

ಕಾಕಾ ಅದನ್ನ 1986ರಲ್ಲಿ ಸೊಲ್ಲಾಪುರದಿಂದ ತಂದಿದ್ದ. ಮುದ್ದೇಬಿಹಾಳ–ತಾಳಿಕೋಟಿ ನಡುವೆ ಓಡಿಸ್ತಿದ್ದ, ಸಂತಿ ದಿನ ನಾಲತವಾಡಕ್ಕೂ. ಒಳಗೆ ಜನ, ಮ್ಯಾಲೆ ಚೀಲ, ಹಿಂದಿನ ಏಣಿ ಮ್ಯಾಲೆ ಹೈಸ್ಕೂಲು ಹುಡುಗರು. ರಾತ್ರಿ ಹೆರಿಗಿ ನೋವು ಬಂದರೆ ಅದೇ ಆಂಬುಲೆನ್ಸು. ಮದುವಿ ದಿಬ್ಬಣಕ್ಕೂ ಅದೇ, ಸತ್ತವರನ್ನ ದವಾಖಾನಿಯಿಂದ ಊರಿಗೆ ತರೋಕೂ ಅದೇ. ಸರಕಾರಿ ಬಸ್ಸು ದಿನಕ್ಕೆ ಒಂದೆರಡು ಸಲ ಬರೋ ಹಳ್ಳಿಗಳಿಗೆ ಜಗತ್ತಿನ ಸಂಪರ್ಕ ಅಂತ ಇದ್ದದ್ದು ಇಂಥ ಗಾಡಿಗಳೇ. ಲೈಸೆನ್ಸಿನ ಪ್ರಕಾರ ಎಷ್ಟು ಜನ ಕೂರಬೇಕಿತ್ತೋ, ಕಾಕಾ ಎಷ್ಟು ಜನರನ್ನ ಕೂರಿಸ್ತಿದ್ದನೋ... ಅದನ್ನ ಇಲ್ಲಿ ಬರೆಯೋದು ಬೇಡ :)

ಆದರೆ ನನಗೆ ಆ ಗಾಡಿ ಬೇಕಿದ್ದದ್ದು ಅದರ ಎಂಜಿನ್ನಿಗಲ್ಲ, ಬಾಡಿಗಲ್ಲ. ಡ್ರೈವರ್ ಬಾಗಿಲಿನ ಒಳಬದಿಗೆ. ಕಾಕಾ ಅಲ್ಲಿ ಲೆಕ್ಕ ಬರೀತಿದ್ದ. ಡೀಸೆಲ್ ಎಷ್ಟು ಹಾಕಿಸಿದೆ, ಯಾರು ಎಷ್ಟು ಬಾಕಿ, ಯಾವ ಊರಿಗೆ ಎಷ್ಟು ಚೀಲ ಶೇಂಗಾ. ಪೇಂಟು ಕಡ್ಡಿಯಲ್ಲಿ, ಮೊಳೆಯಲ್ಲಿ, ಬಾಲ್ ಪೆನ್ನಿನಲ್ಲಿ. ಕೆಲವು ಕಡೆ ತಾರೀಖು ಇತ್ತು. ಜಾಗ ಸಾಲದಾದಾಗ ಮೇಲೊಂದು ಕೋಟು ಬಣ್ಣ ಬಳಿದು ಅದರ ಮೇಲೆ ಮತ್ತೆ ಬರೆದಿದ್ದಾನೆ. ಇಪ್ಪತ್ತಕ್ಕೂ ಹೆಚ್ಚು ವರ್ಷದ ಒಂದು ತಾಲೂಕಿನ ರಸ್ತೆ ವ್ಯಾಪಾರದ ಲೆಕ್ಕ, ಒಂದು ಬಾಗಿಲಿನ ಮೇಲೆ, ಪದರು ಪದರಾಗಿ. ನನ್ನ ಕಸುಬಿನವರಿಗೆ ಇದು ಶಾಸನ ಸಿಕ್ಕ ಹಾಗೆ. ಹೊಟ್ಟೆಯೊಳಗೆ ಸಂಕಟ ಆಗಿದ್ದು ಯಾಕೆ ಅಂತ ಈಗ ಗೊತ್ತಾಗಿರಬೇಕು.

ಸರಿ, ಈಗ ವಿಷಯಕ್ಕೆ ಬರ್ತೀನಿ. ನನ್ನ ಜಗಳ ಸಮಿತಿ ಜೊತೆ ಮಾತ್ರ ಅಲ್ಲ, "ವಿಂಟೇಜ್" ಅನ್ನೋ ಆ ಪದದ ಜೊತೆಗೇ.

2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನೋಂದಣಿಗೆ ಅಂತ ಪ್ರತ್ಯೇಕ ನಿಯಮ ತಂದಿತು. ಒಳ್ಳೆಯದೇ. 50 ವರ್ಷ ಮೀರಿರಬೇಕು, ಮೂಲ ರೂಪ ಉಳಿದಿರಬೇಕು. ಹೊಸದಾಗಿ ನೋಂದಾಯಿಸೋಕೆ 20,000 ರೂಪಾಯಿ, ಮುಂದೆ ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ವಿಎ ಅನ್ನೋ ಅಕ್ಷರ ಬರುತ್ತೆ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸೋದು ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಇಷ್ಟೆಲ್ಲಾ ಸರಿ. ಆದರೆ ಸಣ್ಣ ಅಕ್ಷರ ಓದಿ ನೋಡಿ: ಸ್ವಂತ ಬಳಕೆಯ ಎರಡು ಚಕ್ರ, ನಾಲ್ಕು ಚಕ್ರದ ಗಾಡಿಗಳಿಗೆ ಮಾತ್ರ ಈ ಮರ್ಯಾದೆ. ಅಂದರೆ ಸಾಹೇಬರ ಕಾರು, ಸಾಹುಕಾರರ ಮೋಟರ್ ಸೈಕಲ್ಲು. ಲಾರಿ, ಬಸ್ಸು, ಟ್ರ್ಯಾಕ್ಟರ್, ಮೂರು ಚಕ್ರದ ಟೆಂಪೋ, ಕಾಕಾನ ಮ್ಯಾಟಾಡೋರ್... ಇವು ನೂರು ವರ್ಷ ಬದುಕಿದರೂ ವಿಂಟೇಜ್ ಆಗೋದಿಲ್ಲ. ದುಡಿದ ಗಾಡಿಗೆ ವಯಸ್ಸಾಗುತ್ತೆ, ಗೌರವ ಬರೋದಿಲ್ಲ.

ಇನ್ನೊಂದು ತುದಿ ನೋಡಿ. 2021ರಲ್ಲೇ ಗುಜರಿ ನೀತಿ ಬಂತು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿ ನವೀಕರಣ ಇಲ್ಲ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರದ ಮೂಲಕವೇ ವಿಲೇವಾರಿ ಆಗಬೇಕು. ಸಾರಿಗೆ ನಿಗಮಗಳ ಬಸ್ಸೂ ಇದರಲ್ಲಿ ಬಂತು. ಖಾಸಗಿ ಕಾರು ಇಟ್ಟುಕೊಳ್ಳೋರಿಗೆ ಅಡ್ಡಿ ಇಲ್ಲ, ಆದರೆ 15 ವರ್ಷದ ನಂತರದ ನೋಂದಣಿ ನವೀಕರಣ ಶುಲ್ಕ 2022ರಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಹೊಗೆ ಕಡಿಮೆಯಾಗಲಿ, ಅಪಘಾತ ಕಡಿಮೆಯಾಗಲಿ ಅನ್ನೋದಕ್ಕೆ ನನ್ನ ತಕರಾರಿಲ್ಲ. ಬ್ರೇಕಿಲ್ಲದ ಜೀಪು ರಸ್ತೆ ಮೇಲೆ ಓಡಲಿ ಅಂತ ಯಾವ ಕ್ಯುರೇಟರೂ ಹೇಳೋದಿಲ್ಲ.

ಆದರೆ ಲೆಕ್ಕ ಹಾಕಿ. 15ಕ್ಕೆ ಮೋಡಕಾ, 50ಕ್ಕೆ ವಿಂಟೇಜು. ನಡುವೆ 35 ವರ್ಷ. ಆ 35 ವರ್ಷ ಗಾಡಿಯನ್ನ ಯಾರು ಇಟ್ಟುಕೊಳ್ತಾರೆ? ದೊಡ್ಡ ಗ್ಯಾರೇಜು ಇರೋ ಶ್ರೀಮಂತರು. ಅವರು ಏನು ಇಟ್ಟುಕೊಳ್ತಾರೆ? ತಮಗೆ ಇಷ್ಟವಾದ ಚೆಂದದ ಕಾರು. ಹಾಗಾಗಿ ಇನ್ನು ಮೂವತ್ತು ವರ್ಷಕ್ಕೆ ನಮ್ಮ ಸಂಗ್ರಹಾಲಯಗಳನ್ನ ನೋಡಿದ ಮಗು, 1985ರಲ್ಲಿ ಕರ್ನಾಟಕದ ಜನ ಎಲ್ಲಾ ಸೊಗಸಾದ ಕಾರಿನಲ್ಲೇ ಓಡಾಡ್ತಿದ್ದರು ಅಂದುಕೊಂಡರೆ ಮಗುವಿನ ತಪ್ಪಲ್ಲ.

ಕಾರು ಕೂಡಿಡುವವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರು ಇಲ್ಲದಿದ್ದರೆ ಅದೂ ಇರ್ತಿರಲಿಲ್ಲ. ಧರ್ಮಸ್ಥಳದ ಹಳೇ ಕಾರುಗಳ ಸಂಗ್ರಹ ನೋಡಿ, ಡಾ. ವೀರೇಂದ್ರ ಹೆಗ್ಗಡೆಯವರು ದಶಕಗಟ್ಟಲೆ ಕಾಲ ಕೂಡಿಸಿದ್ದು. 2023ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕ "ಪಯಣ" ಅಂತ ಪ್ರತ್ಯೇಕ ಸಂಗ್ರಹಾಲಯವೇ ಆಯಿತು. ಮೈಸೂರಿನ ರೈಲು ಸಂಗ್ರಹಾಲಯ 1979ರದ್ದು, ಮಹಾರಾಣಿಯವರ ಸಲೂನ್ ಬೋಗಿಯಿಂದ ಹಿಡಿದು ಸಿಗ್ನಲ್ ದೀಪದವರೆಗೆ ಇದೆ. ನಮ್ಮ ಕಡೆಗೆ ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲು ಸಂಗ್ರಹಾಲಯ ತೆರೆದರು, ಅದು ಬಹಳ ಖುಷಿ ಕೊಟ್ಟ ಸುದ್ದಿ. ಬೆಂಗಳೂರಲ್ಲಿ ಎಚ್‌ಎಎಲ್‌ನದ್ದಿದೆ, ಎಚ್‌ಎಂಟಿ ಗಡಿಯಾರದ್ದು 2019ರಲ್ಲಿ ಬಂತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯವಂತೂ ನಿಮಗೆಲ್ಲಾ ಗೊತ್ತೇ ಇದೆ. 1962ರಲ್ಲಿ ನೆಹರೂ ಉದ್ಘಾಟಿಸಿದ ಕಟ್ಟಡ, 1965ರಲ್ಲಿ ಮೊದಲ ಗ್ಯಾಲರಿ ಜನರಿಗೆ ತೆರೆಯಿತು.

ಒಂದು ಅಡ್ಡ ಮಾತು. ನಾನು ಈ ಕಸುಬಿಗೆ ಬಿದ್ದದ್ದೇ ಅಂಥದೊಂದು ಕಾರಣದಿಂದ. ನಾನು ಏಳನೆತ್ತೆಯಲ್ಲಿದ್ದಾಗ ನಮ್ಮ ಶಾಲೆ ಅಂಗಳಕ್ಕೆ ವಿಜ್ಞಾನ ಪ್ರದರ್ಶನದ ಬಸ್ಸು ಬಂದಿತ್ತು. ಉಳಿದ ಹುಡುಗರೆಲ್ಲಾ ಸಾಲಾಗಿ ಗಾಜಿನ ಪೆಟ್ಟಿಗೆಯ ಮಾದರಿಗಳನ್ನ ನೋಡ್ತಿದ್ದರೆ ನಾನು ಬಸ್ಸಿನ ಕೆಳಗೆ ಬಗ್ಗಿ ಗೇರ್ ಬಾಕ್ಸ್ ನೋಡ್ತಿದ್ದೆ. ಮಾಸ್ತರ ಕಿವಿ ಹಿಂಡಿ ಎಳೆದು ತಂದರು. ಆಗಿನಿಂದ ಇವತ್ತಿನವರೆಗೂ ಪೆಟ್ಟಿಗೆಯಲ್ಲಿ ಇಟ್ಟದ್ದಕ್ಕಿಂತ ಪೆಟ್ಟಿಗೆ ಹೊತ್ತು ತಂದದ್ದರ ಮೇಲೇ ನನ್ನ ಕಣ್ಣು.

ವಿಷಯಕ್ಕೆ ವಾಪಸ್. ಮೇಲೆ ಹೇಳಿದ ಪಟ್ಟಿಯಲ್ಲಿ ರಾಜರ ಕಾರಿದೆ, ರೈಲಿದೆ, ವಿಮಾನ ಇದೆ, ಗಡಿಯಾರ ಇದೆ. ಆದರೆ ಉತ್ತರ ಕರ್ನಾಟಕದ ಎರಿ ಹೊಲವನ್ನ ಬದಲಿಸಿದ ಯಂತ್ರಗಳು ಎಲ್ಲಿ? ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಶುರು ಮಾಡಿದವರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿ ವಿಷ ಆಗ್ತದ ಅಂತ ರೈತರು ಹತ್ತಿರ ಸೇರಿಸಲಿಲ್ಲ. ಅದೇ ನೇಗಿಲು ಮುಂದೆ ನಮ್ಮ ಎರಿ ಭೂಮಿಯಲ್ಲಿ ಆಳಕ್ಕೆ ಇಳಿದಿದ್ದ ಕರಿಕೆ ಬೇರು ಕೀಳೋಕೆ ಬೇಕೇ ಬೇಕು ಅನ್ನೋ ಹಾಗಾಯಿತು. ಆರೆಂಟು ಎತ್ತು ಹೂಡಿ ಎಳೆಸ್ತಿದ್ದರಂತೆ, ನಮ್ಮ ಮುತ್ಯಾ ಹೇಳ್ತಿದ್ದ. ಆಮೇಲೆ ಬಂದದ್ದು ಡೀಸೆಲ್ ಎಂಜಿನ್ನು. ಐದು ಹಾರ್ಸ್ ಪವರಿನ ಕಿರ್ಲೋಸ್ಕರ್ ಎಂಜಿನ್ ಶಬ್ದ ಕೇಳದೆ ಬೆಳೆದವರು ನಮ್ಮ ಪೀಳಿಗೆಯಲ್ಲಿ ಯಾರಿದ್ದಾರೆ? ಕೃಷ್ಣಾ ದಂಡಿ, ಡೋಣಿ ದಂಡಿ, ಬಾವಿ ದಂಡಿ, ಎಲ್ಲಾ ಕಡೆ ಅದೇ ಡುಗ್ ಡುಗ್.

ನಮ್ಮ ಸಂಗ್ರಹದಲ್ಲಿ ಅಂಥದ್ದೊಂದು ಎಂಜಿನ್ ಇದೆ. ಮೂಲೆಯಲ್ಲಿ. ಮುಂದಿನ ಹಾಲಿನಲ್ಲಿ ಕೆಂಪು ಕಾರಿದೆ, ಬಂದವರೆಲ್ಲಾ ಅಲ್ಲಿ ಸೆಲ್ಫಿ ತೆಗೆದುಕೊಂಡು ಹೊರಗೆ ಹೋಗ್ತಾರೆ. ಎಂಜಿನ್ ಹತ್ತಿರ ಯಾರೂ ನಿಲ್ಲೋದಿಲ್ಲ. ಒಂದು ದಿನ ಮಧ್ಯಾಹ್ನ ಗಾರ್ಡ್ ಕೂಗಾಡೋದು ಕೇಳಿ ಓಡಿಹೋದೆ. ಧೋತರ ಉಟ್ಟ ಹಿರಿಯರೊಬ್ಬರು ಹಗ್ಗ ದಾಟಿ ಒಳಗೆ ಹೋಗಿ ಎಂಜಿನ್ ಮೇಲೆ ಕೈ ಇಟ್ಟುಬಿಟ್ಟಿದ್ದರು. "ಮುಟ್ಟಬೇಡಿ ಅಂತ ಬೋರ್ಡ್ ಇದೆ ಕಾಣಲ್ವಾ" ಅಂತ ಗಾರ್ಡ್. ಅವರು ಅದಕ್ಕೆ ಕಿವಿ ಕೊಡದೆ ನನ್ನ ಕಡೆ ತಿರುಗಿ, "ಸಾಹೇಬ್ರ, ಇದನ್ನ ಯಾರು ಜೋಡ್ಸಿಟ್ಟಾರ? ಡಿಕಾಂಪ್ರೆಶನ್ ಲಿವರ್ ಉಲ್ಟಾ ಕುಂತೈತಿ ನೋಡ್ರಿ" ಅಂದರು.

ನೋಡಿದರೆ ನಿಜ! ಎಷ್ಟು ವರ್ಷದಿಂದ ಹಾಗೇ ಇತ್ತೋ. ಸಿಲಿಂಡರಿನ ಒತ್ತಡ ಬಿಡಿಸೋ ಆ ಚಿಕ್ಕ ಲಿವರ್ ಎತ್ತಿ, ಹ್ಯಾಂಡಲ್ ಹೊಡೆದು, ಫ್ಲೈವೀಲಿಗೆ ವೇಗ ಬಂದ ಕೂಡಲೇ ಲಿವರ್ ಬಿಟ್ಟರೆ ಎಂಜಿನ್ ಹಿಡಿಯುತ್ತೆ. ಬಿಡೋ ಹೊತ್ತು ತಪ್ಪಿದರೆ ಹ್ಯಾಂಡಲ್ ತಿರುಗಿ ಹೊಡೆದು ಮಣಿಕಟ್ಟು ಮುರಿಯುತ್ತೆ. ಆ ಹಿರಿಯರು ತಮ್ಮ ಬಲಗೈ ತೋರಿಸಿದರು, ಎಲುಬು ಸೊಟ್ಟಗೆ ಕೂಡಿಕೊಂಡಿತ್ತು. ಇಂಡಿ ಕಡೆಯವರು. ಮಗನ ಮನೆಗೆ ಬಂದಿದ್ದವರು, ಹೊತ್ತು ಹೋಗಲಿ ಅಂತ ಒಳಗೆ ಬಂದಿದ್ದರು. ಒಂದೂವರೆ ತಾಸು ಕೂರಿಸಿಕೊಂಡು ಕೇಳಿದೆ. ಮಳೆ ಹೋದ ವರ್ಷ ಡೀಸೆಲ್ಲಿಗೆ ಎಲ್ಲಿಂದ ದುಡ್ಡು ತಂದೆವು, ನಿಂಬಿ ಗಿಡ ಉಳಿಸಿಕೊಳ್ಳೋಕೆ ರಾತ್ರಿ ಪಾಳಿ ಹೇಗೆ ಮಾಡಿದೆವು, ಪಿಸ್ಟನ್ ರಿಂಗ್ ಸವೆದಾಗ ಊರಿನ ಕಂಬಾರ ಏನು ಉಪಾಯ ಮಾಡಿದ... ನಮ್ಮ ಕ್ಯಾಟಲಾಗಿನಲ್ಲಿ ಆ ಎಂಜಿನ್ ಬಗ್ಗೆ ಇದ್ದದ್ದು ಒಂದೂವರೆ ಸಾಲು. ಅಶ್ವಶಕ್ತಿ, ತೂಕ, ದಾನಿಯ ಹೆಸರು. ಅಷ್ಟೇ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಯಾರು ಮುಟ್ಟದ ಹಾಗೆ ಕಾಯ್ತಿದ್ದೀನೋ, ಆ ವಸ್ತುವನ್ನ ನಿಜವಾಗಿ ಬಲ್ಲವರು ಮುಟ್ಟಿದರೇನೇ ಮಾತಾಡೋರು. ಬೋರ್ಡು ಅವರಿಗೇ ಹಾಕಿದ್ದೀವಿ.

ಹೊರಗಿನವರಿಗೆ ಕ್ಯುರೇಟರ್ ಕೆಲಸ ಅಂದರೆ ಒರೆಸಿ ಹೊಳಪು ಮಾಡೋದು. ಅಸಲಿಗೆ ನಾವು ಹೊಳಪಿನ ಶತ್ರುಗಳು. ಗಾಡಿ ಬಂದ ಕೂಡಲೇ ಮೊದಲು ಫೋಟೊ, ಛಾಸಿ ನಂಬರು, ಎಂಜಿನ್ ನಂಬರು, ಆರ್‌ಸಿ ಪುಸ್ತಕ, ಯಾವ ಭಾಗ ಮೂಲದ್ದು ಯಾವುದು ಆಮೇಲೆ ಹಾಕಿದ್ದು ಅನ್ನೋ ಪಟ್ಟಿ. ಟ್ಯಾಂಕಿನ ಇಂಧನ ತೆಗೆಯಬೇಕು, ಬ್ಯಾಟರಿ ಬಿಚ್ಚಬೇಕು, ಟೈರಿನ ಮೇಲೆ ಭಾರ ಬೀಳದ ಹಾಗೆ ಸ್ಟ್ಯಾಂಡಿಗೆ ಏರಿಸಬೇಕು, ಎಂಜಿನ್ ಹಿಡಿದುಕೊಳ್ಳದ ಹಾಗೆ ಆಗಾಗ ಕೈಯಿಂದ ತಿರುಗಿಸಬೇಕು. ಹಳೇ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತೆ, ಊದಿದರೆ ಶ್ವಾಸಕೋಶಕ್ಕೆ ಹೋಗುತ್ತೆ, ಹುಷಾರು. ಇಲಿಗೆ ವೈರಿನ ಕವಚ ಅಂದರೆ ಪಂಚಪ್ರಾಣ. ವಸ್ತುವಿನ ನೋಂದಣಿ ಸಂಖ್ಯೆ ಬರೆಯೋದು ಕೂಡ ನೇರ ಮೈಮೇಲಲ್ಲ. ಮೊದಲು ತೆಳ್ಳಗೆ ಒಂದು ಪಾರದರ್ಶಕ ಲೇಪ, ಅದರ ಮೇಲೆ ಅಂಕಿ, ನಾಳೆ ಅಳಿಸಬೇಕಾದರೆ ಗುರುತೂ ಉಳಿಯಬಾರದು.

ಮತ್ತೆ ಬಣ್ಣ! ಹೊಸ ಬಣ್ಣ ಬಳಿಯೋದು ಅಂದರೆ ಪುಸ್ತಕದ ಹಾಳೆ ಹರಿದು ಬಿಳಿ ಹಾಳೆ ಅಂಟಿಸಿದ ಹಾಗೆ. ಹಳೇ ಬಣ್ಣದ ಪದರುಗಳಲ್ಲಿ ಗಾಡಿಯ ಆಯುಷ್ಯ ಇರುತ್ತೆ. ನಮ್ಮಲ್ಲಿ ಒಂದು ಲಾರಿಯ ಡ್ಯಾಶ್‌ಬೋರ್ಡಿನ ಮೇಲೆ ಕುಂಕುಮ, ಭಂಡಾರ, ವಿಭೂತಿ ಗಟ್ಟಿಯಾಗಿ ಕೂತಿದೆ. ಎಷ್ಟು ವರ್ಷದ ಖಂಡೇಪೂಜೆಯೋ. ತರಬೇತಿಗೆ ಬಂದ ಹುಡುಗ ಅದನ್ನ ಕೊಳೆ ಅಂತ ತೊಳೆಯೋಕೆ ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ. ಕುಂಕುಮದಲ್ಲಿ ಲೋಹ ತಿನ್ನೋ ಅಂಶ ಇರಬಹುದು, ಗಾಳಿಯ ತೇವ ಹಿಡಿದಿಟ್ಟುಕೊಳ್ಳುತ್ತೆ, ಅವನು ಹೇಳೋದು ಪುಸ್ತಕದ ಪ್ರಕಾರ ಸರಿ. ಆದರೆ ಆ ಲಾರಿ ಬೇರೆ ದೇಶದ ಲಾರಿಗಿಂತ ಬೇರೆ ಆಗೋದೇ ಆ ಕುಂಕುಮದಿಂದ. ಅದು ಇರಲಿ ಅಂತ ಫೈಲಿನಲ್ಲಿ ಬರೆದು ಸಹಿ ಹಾಕಿದ್ದೀನಿ. ನಾಳೆ ತಪ್ಪು ಅಂತಾದರೆ ನನ್ನದೇ ತಪ್ಪು.

ಓಡಿಸಬೇಕೋ ನಿಲ್ಲಿಸಬೇಕೋ ಅನ್ನೋದು ಇನ್ನೊಂದು ಮುಗಿಯದ ಜಗಳ. ಓಡಿಸಿದರೆ ಭಾಗ ಸವೆಯುತ್ತೆ, ಬದಲಾಯಿಸುತ್ತಾ ಹೋದರೆ ಕೊನೆಗೆ ಮೂಲದ್ದೇನೂ ಉಳಿಯೋದಿಲ್ಲ. ನಿಲ್ಲಿಸಿದರೆ ಅದೊಂದು ಕಬ್ಬಿಣದ ಮೂರ್ತಿ. ಕಾಕಾ ಈ ವಿಷಯದಲ್ಲಿ ಖಡಕ್ಕು. "ಓಡ್ಲಾರದ ಗಾಡಿ ಅಂದ್ರ ಹೆಣಾ ಇದ್ದಂಗ. ಹೆಣಾ ಸಿಂಗಾರ ಮಾಡಿ ಕುಂಡ್ರಿಸ್ತಾರ ಖರೆ, ಆದ್ರ ಮಣ್ಣ ಮಾಡ್ಲಾಕ" ಅಂದ. ನಮ್ಮ ಕಡೆ ಸತ್ತವರನ್ನ ಕೂರಿಸೇ ಒಯ್ಯೋದು, ಗೊತ್ತಲ್ಲ. ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಪೂರ್ತಿ ಹೊಳೆದಿಲ್ಲ. ಒಂದೇ ಮಾದರಿಯ ಗಾಡಿ ಎರಡು ಸಿಕ್ಕರೆ ಒಂದನ್ನ ಓಡಿಸಿ, ಒಂದನ್ನ ಹಾಗೇ ಇಡಿ ಅನ್ನೋದು ನನ್ನ ಅಭಿಪ್ರಾಯ. ಒಂದೇ ಇದ್ದರೆ ನಿಲ್ಲಿಸಿ, ಆದರೆ ನಿಲ್ಲಿಸೋ ಮೊದಲು ಅದರ ಶಬ್ದ ರೆಕಾರ್ಡ್ ಮಾಡಿ. ಶಬ್ದ ಯಾರಿಗೂ ನೆನಪಾಗೋದಿಲ್ಲ, ಮೊದಲು ಹೋಗೋದೇ ಅದು.

ನಮ್ಮ ಜಿಲ್ಲೆಯಲ್ಲಿ ಉಳಿಸಿಕೊಳ್ಳೋ ಬುದ್ಧಿ ಇರಲಿಲ್ಲ ಅಂತ ಹೇಳೋ ಹಾಗಿಲ್ಲ. ವಿಜಯಪುರದ ಮಲಿಕ್-ಎ-ಮೈದಾನ್ ತೋಪು ನೋಡದವರು ಯಾರು? 1549ರಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ತೋಪು, 55 ಟನ್ ತೂಕ. ಪರಾಂಡಾ ಕೋಟೆಯಿಂದ ವಿಜಯಪುರಕ್ಕೆ ತಂದದ್ದು. ಅದನ್ನ ಹೊರಟವರು ಯಾವ ಕ್ರೇನೂ ಇಲ್ಲದೆ ಎತ್ತು, ಆನೆ, ಮನುಷ್ಯರ ಬಲದಲ್ಲಿ ತಂದು ಬುರುಜಿನ ಮೇಲೆ ಏರಿಸಿದರು ಅಂದರೆ ಅದು ತೋಪಿನಷ್ಟೇ ದೊಡ್ಡ ತಂತ್ರಜ್ಞಾನ. ಆದರೆ ನನಗೆ ಆ ತೋಪಿನ ಕತೆಯಲ್ಲಿ ಅತಿ ಇಷ್ಟವಾದ ಭಾಗ ಬೇರೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಉಪಯೋಗವಿಲ್ಲದ ಹಳೇ ತೋಪುಗಳನ್ನ ಮಾರಿಬಿಡಿ ಅಂತ ಆದೇಶ ಬಂತು. ಮಲಿಕ್-ಎ-ಮೈದಾನ್ ಹರಾಜಾಯಿತು. ಎಷ್ಟಕ್ಕೆ? 150 ರೂಪಾಯಿಗೆ! ಕೊಂಡವನು ಒಡೆದು ಕರಗಿಸಿದ್ದರೆ ಇವತ್ತು ಆ ಬುರುಜಿನ ಮೇಲೆ ಬರೀ ಗಾಳಿ. ಅಲ್ಲಿದ್ದ ಅಧಿಕಾರಿ, ಬೆಲೆ ತೀರಾ ಕಡಿಮೆ, ಜನ ಇದಕ್ಕೆ ಭಕ್ತಿಯಿಂದ ನಡಕೊಳ್ತಾರೆ ಅಂತ ಮೇಲಕ್ಕೆ ಬರೆದ, ಮಾರಾಟ ರದ್ದಾಯಿತು.

ನನ್ನ ಲೆಕ್ಕದಲ್ಲಿ ವಿಜಯಪುರ ಜಿಲ್ಲೆಯ ಮೊದಲ ಕ್ಯುರೇಟರ್ ಆ ಅಧಿಕಾರಿ. ಒಂದು ಪತ್ರ ಬರೆದ, ಅಷ್ಟೇ. ಅದೂ ವೇಳೆಗೆ ಸರಿಯಾಗಿ. ನಾನು ಮೂರು ವರ್ಷದಲ್ಲಿ ಎಷ್ಟೋ ಪತ್ರ ಬರೆದೆ, ಒಂದೂ ವೇಳೆಗೆ ಮುಟ್ಟಲಿಲ್ಲ.

ಕೃಷ್ಣೆಯ ವಿಷಯಕ್ಕೂ ಒಂದು ಮಾತು. ನಾರಾಯಣಪುರದ್ದು ಒಂದು ಕಡೆ, ಆಲಮಟ್ಟಿಯದ್ದು ಒಂದು ಕಡೆ, ಎರಡು ಅಣೆಕಟ್ಟೆಗಳ ಹಿನ್ನೀರಿನ ನಡುವೆ ನಮ್ಮ ತಾಲೂಕು. ಆಲಮಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು, 2006ರಲ್ಲಿ ಅಬ್ದುಲ್ ಕಲಾಂ ಅವರು ರಾಷ್ಟ್ರಕ್ಕೆ ಅರ್ಪಿಸಿದರು. ಈ ನಡುವೆ ಎಷ್ಟು ಊರು ಎದ್ದು ಹೋದವು. ನದಿ ಆಚೆ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪ ನೀರಲ್ಲಿ ಮುಳುಗಬಾರದು ಅಂತ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿ ಉಳಿಸಿದರು. ಆಗಲೇಬೇಕಾದ ಕೆಲಸ. ಆದರೆ ಊರು ಬಿಟ್ಟವರು ಬಿಟ್ಟುಬಂದ ಗಾಣ, ಏತದ ಗಾಲಿ, ಹಿಟ್ಟಿನ ಗಿರಣಿ, ನದಿ ದಂಡಿಯ ಎಂಜಿನ್ನು, ಇವುಗಳ ಒಂದು ಪಟ್ಟಿಯನ್ನಾದರೂ ಯಾರಾದರೂ ಬರೆದಿಟ್ಟಿದ್ದರೆ! ಮನೆಗೆ, ಹೊಲಕ್ಕೆ, ಗಿಡಕ್ಕೆ ಪರಿಹಾರದ ಲೆಕ್ಕ ಬರೆದರು. ಯಂತ್ರ ಒಯ್ಯಬಹುದಾದ ಮಾಲು ಅಂತ ಬಿಟ್ಟರು, ಜನ ಹೊಸ ಊರಿಗೆ ಒಯ್ಯೋ ಬದಲು ದಾರಿಯಲ್ಲೇ ಮೋಡಕಾಕ್ಕೆ ಹಾಕಿದರು. ನಮ್ಮ ದೂರದ ಸಂಬಂಧಿಕರೊಬ್ಬರು ಹಾಗೆ ಮಾರಿದ ಎಂಜಿನ್ ನೆನೆಸಿ ಇವತ್ತಿಗೂ ಹೆಸರು ಹಿಡಿದು ಮಾತಾಡ್ತಾರೆ, ಎತ್ತಿನ ಹೆಸರಿನ ಹಾಗೆ ಎಂಜಿನ್ನಿಗೂ ಹೆಸರಿತ್ತು!

ಹಾಗಾದರೆ ಏನು ಮಾಡಬೇಕು ಅಂತೀರಾ? ಮುದ್ದೇಬಿಹಾಳದಲ್ಲಿ ಗಾಜಿನ ಕಟ್ಟಡ ಕಟ್ಟಿ ಅಂತ ನಾನು ಹೇಳ್ತಿಲ್ಲ. ಕಟ್ಟಡ ಅಂದ ಕೂಡಲೇ ಟೆಂಡರ್, ಟೆಂಡರ್ ಅಂದ ಕೂಡಲೇ... ಬಿಡಿ. ನನಗೆ ಬೇಕಿರೋದು ಒಂದು ದೊಡ್ಡ ತಗಡಿನ ಶೆಡ್ಡು, ಮಳೆ ಒಳಗೆ ಬರಬಾರದು, ಅಷ್ಟೇ. ಹಾಳು ಬಿದ್ದಿರೋ ಒಂದು ಗೋದಾಮು ಆದರೂ ನಡೆಯುತ್ತೆ. ನಮ್ಮ ವಿಜಯಪುರ ವಿಭಾಗ ಈಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಸೇರಿದ್ದು. ಪ್ರತಿ ವಿಭಾಗ ಹತ್ತು ವರ್ಷಕ್ಕೆ ಒಂದೇ ಒಂದು ಬಸ್ಸನ್ನ ಕತ್ತರಿಸದೆ ಪಕ್ಕಕ್ಕೆ ಇಡಲಿ, ಮಾರ್ಗದ ಬೋರ್ಡು, ಟಿಕೀಟು ಪೆಟ್ಟಿಗೆ ಸಮೇತ. ಅದಕ್ಕೆ ಗುಜರಿ ನಿಯಮದಲ್ಲಿ ಸಂಗ್ರಹಾಲಯಗಳಿಗೆ ಅಂತ ಒಂದು ಸಾಲಿನ ವಿನಾಯಿತಿ ಬೇಕು. ರಸ್ತೆಗೆ ಇಳಿಸೋದಿಲ್ಲ ಅಂದ ಮೇಲೆ ಹೊಗೆಯ ಮಾತೇ ಇಲ್ಲವಲ್ಲ. ವಿಂಟೇಜ್ ಅನ್ನೋ ಮಾತಿಗೆ ಲಾರಿ, ಟ್ರ್ಯಾಕ್ಟರು, ಟೆಂಪೋ ಸೇರಬೇಕು. ಮತ್ತೆ ನಮ್ಮಂಥ ಸಂಗ್ರಹಾಲಯಗಳು 50 ವರ್ಷ ಕಾಯೋದು ಬಿಡಬೇಕು. ಕಾದರೆ ಉಳಿಯೋದು ಗಟ್ಟಿಯಾದ ವಸ್ತುವಲ್ಲ, ದುಬಾರಿ ವಸ್ತು. ಮುಖ್ಯವಾದ ಮಾತು, ಗಾಡಿಯ ಜೊತೆ ಅದನ್ನ ಓಡಿಸಿದವರ ಮಾತನ್ನೂ ದಾಖಲು ಮಾಡಬೇಕು. ಡ್ರೈವರು, ಕ್ಲೀನರು, ಮೆಕ್ಯಾನಿಕ್ಕು, ಸೀಟು ಹೊಲಿದವನು. ಗಾಡಿ ಇಲ್ಲದೆ ಮಾತು ಸಿಕ್ಕರೂ ನಡೀತು, ಮಾತಿಲ್ಲದ ಗಾಡಿ ನನ್ನ ಒಂದೂವರೆ ಸಾಲಿನ ಕ್ಯಾಟಲಾಗು.

ದುಡ್ಡಿನ ಮಾತು ಬಿಟ್ಟರೆ ಅದು ಮೋಸ ಆಗುತ್ತೆ. ಕಾಕಾನಿಗೆ ಮೋಡಕಾದವನು 38 ಸಾವಿರ ಕೊಟ್ಟ. ಅದರಲ್ಲಿ ಬೋರಿನ ಮೋಟರ್ ರಿವೈಂಡಿಂಗ್ ಆಯಿತು, ತೊಗರಿ ಚೀಲಕ್ಕೆ ಜಾಗ ಆಯಿತು. ನಮ್ಮ ಸಂಗ್ರಹಾಲಯ ದಾನ ಅಂತ ತಗೊಂಡು ಒಂದು ಶಾಲು, ಒಂದು ಪ್ರಮಾಣಪತ್ರ ಕೊಡ್ತಿತ್ತು. ರೈತ ಯಾಕೆ ನಮಗೆ ಕೊಡಬೇಕು? ಕಾರು ಹರಾಜಿಗೆ ಲಕ್ಷಗಟ್ಟಲೆ ಇಡೋರು ಎಂಜಿನ್ನಿಗೆ ಕನಿಷ್ಠ ಮೋಡಕಾ ರೇಟು ಕೊಡೋಕೂ ತಯಾರಿಲ್ಲ. ಮೋಡಕಾದವನಾದರೂ ತೂಕ ಮಾಡಿ ಕೈಯಲ್ಲಿ ರೊಕ್ಕ ಇಡ್ತಾನೆ.

ಕಾರಹುಣ್ಣಿಮಿ ದಿನ ಸಂಜೆ ಕರಿ ಹರಿಯೋದು ನೋಡಿಕೊಂಡು ಬರ್ತಾ ಆ ಮೋಡಕಾ ಅಂಗಡಿಗೆ ಹೋದೆ. ಕೋಡಿಗೆ ಬಣ್ಣ ಹಚ್ಚಿದ ಎತ್ತುಗಳು ನಾಲ್ಕೇ ಜೋಡಿ ಇದ್ದವು, ಉಳಿದವರೆಲ್ಲಾ ಟ್ರ್ಯಾಕ್ಟರಿಗೇ ರಿಬ್ಬನ್ ಕಟ್ಟಿದ್ದರು. ಅಂಗಡಿಯಲ್ಲಿ ನಮ್ಮ ಗಾಡಿಯ ಬಗ್ಗೆ ಕೇಳಿದೆ. ಎಂಜಿನ್ ಯಾರೋ ಒಯ್ದಿದ್ದಾರೆ, ಬಾಡಿ ಗ್ಯಾಸ್ ಕಟರ್ ಹಾಕಿ ಕತ್ತರಿಸಿ ಲೋಡು ಕಳಿಸಿ ಆಗಿದೆ ಅಂದ. ವಾಪಸ್ ಹೊರಟವನಿಗೆ ಹಿಂದಿನ ಕೋಳಿ ಗೂಡು ಕಣ್ಣಿಗೆ ಬಿತ್ತು. ಗೂಡಿನ ಒಂದು ಬದಿಗೆ ಅಡ್ಡ ಇಟ್ಟಿದ್ದು ನೀಲಿ ಬಾಗಿಲು. ಡ್ರೈವರ್ ಬದಿಯದು!

ಎರಡು ನೂರು ರೂಪಾಯಿ ಕೇಳಿದ, ಕೊಟ್ಟೆ. ಕೋಳಿಗೆ ಬೇರೆ ತಗಡು ಹಚ್ಚಿಕೊಟ್ಟೆ. ಒಳಬದಿ ತೊಳೆಯಲಿಲ್ಲ, ಹಿಕ್ಕೆ ಒಣಗಿದ ಮೇಲೆ ಮೆತ್ತಗಿನ ಬ್ರಷ್ಷಿನಲ್ಲಿ ಬಿಡಿಸ್ತಾ ಇದ್ದೀನಿ. "ಶೇಂಗಾ 14 ಚೀಲ" ಅಂತ ಒಂದು ಸಾಲು ಸ್ಪಷ್ಟವಾಗಿ ಕಾಣ್ತಿದೆ. ಅದರ ಕೆಳಗಿನ ಪದರಿನಲ್ಲಿ ಯಾರದೋ ಹೆಸರು, ಅದರ ಮುಂದೆ ಅಡ್ಡಗೆರೆ. ಬಾಕಿ ತೀರಿಸಿದ್ದೋ, ಆಸಾಮಿಯೇ ತೀರಿಕೊಂಡದ್ದೋ, ಕಾಕಾನೇ ಹೇಳಬೇಕು.

ಸದ್ಯಕ್ಕೆ ಬಾಗಿಲು ಬೆಂಗಳೂರಿನ ನನ್ನ ರೂಮಿನಲ್ಲಿ ಮಂಚದ ಕೆಳಗಿದೆ. ಸಮಿತಿಗೆ ಮತ್ತೆ ಟಿಪ್ಪಣಿ ಇಟ್ಟಿದ್ದೀನಿ, ಈ ಸಲ ಜಾಗದ ನೆಪ ಹೇಳೋ ಹಾಗಿಲ್ಲ, ಒಂದು ಬಾಗಿಲಿಗೆ ಎಷ್ಟು ಜಾಗ ಬೇಕು? ದಾನಪತ್ರಕ್ಕೆ ಕಾಕಾನ ಸಹಿ ಬೇಕು. ಫೋನು ಮಾಡಿದರೆ, "ಬರೇ ಬಾಗಲಾ ಒಯ್ದು ಏನ್ ಮಾಡ್ತಿಯೋ, ಗಾಡಿ ಎಲ್ಲಿ ಅಂತ ಜನ ಕೇಳ್ತಾರ" ಅಂತಾನೆ. ದೀಪಾವಳಿಗೆ ಊರಿಗೆ ಹೋಗ್ತಿದ್ದೀನಿ, ರೆಕಾರ್ಡರ್ ತಗೊಂಡು. ಬಾಗಿಲಿನ ಫೋಟೊ ಪದರು ಪದರಾಗಿ ತೆಗೆದಿಟ್ಟುಕೊಂಡಿದ್ದೀನಿ, ಒಂದೊಂದೇ ಸಾಲು ತೋರಿಸಿ ಕೇಳಬೇಕು.

ನಿಮ್ಮ ಊರ ಹಿತ್ತಲಲ್ಲಿ, ಹೊಲದ ಗುಡಿಸಲಲ್ಲಿ ಇಂಥದ್ದೇನಾದರೂ ನಿಂತಿದ್ದರೆ ಕೆಳಗೆ ಬರೆಯಿರಿ. ಯಾವ ಮಾದರಿ, ಯಾವ ಇಸವಿ, ಯಾರು ಓಡಿಸ್ತಿದ್ದರು. ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಒಳಬದಿಯ ಫೋಟೊ ತೆಗೀರಿ, ಹೊರಗಿನದ್ದು ಎಲ್ಲರೂ ತೆಗೀತಾರೆ.